ಹೊಸ ಕ್ರೌನ್ ತೊಂದರೆ ಕೊಡುತ್ತಿದೆಯೇ? ಲಕ್ಷಣ ನೋಡಿ ಕಾರಣ ಹಿಡಿಯುವ ಕೈಪಿಡಿ

ಹಲ್ಲಿಗೆ ಕ್ರೌನ್, ಅಂದರೆ ಕ್ಯಾಪ್, ಹಾಕಿಸಿಕೊಂಡ ಮೊದಲ ಎರಡು ವಾರ ಏನಾದರೊಂದು ಕಿರಿಕಿರಿ ಇರುವುದು ಸಹಜ. ಯಾವುದು ತಾನಾಗಿಯೇ ಹೋಗುತ್ತದೆ, ಯಾವುದನ್ನು ತಡಮಾಡದೆ ತೋರಿಸಬೇಕು ಎಂಬುದನ್ನು ನೋವಿನ ಜೋರು ನೋಡಿ ತೀರ್ಮಾನಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ಕಚ್ಚಿದಾಗ ಜೀವ ಹೋಗುವಂತೆ ಚುಚ್ಚುವ ನೋವಿಗೆ ಹತ್ತು ನಿಮಿಷದ ಕೆಲಸ ಸಾಕಾಗಬಹುದು. ರಾತ್ರಿ ಸಣ್ಣಗೆ ಮಿಡಿಯುವ ನೋವು ಹಲ್ಲಿನೊಳಗಿನ ನರ ಸಾಯುತ್ತಿರುವುದರ ಗುರುತಾಗಿರಬಹುದು. ಹಾಗಾಗಿ ಗಮನಿಸಬೇಕಾದ್ದು ಮೂರು ಸಂಗತಿ: ನೋವನ್ನು ಕೆರಳಿಸುವುದು ಯಾವುದು, ಕೆರಳಿಸಿದ್ದು ಹೋದ ಮೇಲೂ ಎಷ್ಟು ಹೊತ್ತು ಉಳಿಯುತ್ತದೆ, ದಿನ ಕಳೆದಂತೆ ಏರುತ್ತಿದೆಯೋ ಇಳಿಯುತ್ತಿದೆಯೋ. ಇವನ್ನು ದಿನಾಂಕ ಹಾಕಿ ಬರೆದಿಟ್ಟುಕೊಂಡರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ಶುರು ಮಾಡುವ ಮುನ್ನ ಗೊತ್ತಿರಬೇಕಾದ್ದು

ಮೊದಲನೆಯದು, ಆ ಹಲ್ಲಿನಲ್ಲಿ ನರ ಜೀವಂತವಾಗಿದೆಯೇ ಅಥವಾ ರೂಟ್ ಕೆನಾಲ್ (ನರ ತೆಗೆದು ಬೇರಿನೊಳಗಿನ ಕಾಲುವೆ ತುಂಬುವ ಚಿಕಿತ್ಸೆ) ಆಗಿದೆಯೇ ಎಂಬುದು. ಒಂದೇ ಲಕ್ಷಣಕ್ಕೆ ಇವೆರಡರಲ್ಲಿ ಬೇರೆ ಬೇರೆ ಅರ್ಥ. ರೂಟ್ ಕೆನಾಲ್ ಆದ ಹಲ್ಲಿಗೆ ತಣ್ಣನೆಯದು ತಿಳಿಯುವುದೇ ಇಲ್ಲ, ಆದರೆ ಕಚ್ಚಿದರೆ ನೋಯಬಲ್ಲದು. ಒತ್ತಡ ತಿಳಿಯುವುದು ಹಲ್ಲಿನೊಳಗಿನ ನರಕ್ಕಲ್ಲ, ಬೇರನ್ನು ಸುತ್ತುವರಿದ ತಂತು ಪದರಕ್ಕೆ.

ಎರಡನೆಯದು, ಈಗ ಬಾಯಲ್ಲಿರುವುದು ತಾತ್ಕಾಲಿಕ ಕ್ರೌನೋ ಕಾಯಂ ಕ್ರೌನೋ. ತಾತ್ಕಾಲಿಕವಾದದ್ದು ಪ್ಲಾಸ್ಟಿಕ್ ಬಗೆಯ ವಸ್ತು. ಬೇಕೆಂದಾಗ ತೆಗೆಯಲು ಬರಲಿ ಎಂದು ಅದನ್ನು ದುರ್ಬಲ ಸಿಮೆಂಟಿನಲ್ಲಿ ಕೂರಿಸಿರುತ್ತಾರೆ. ಅದು ಸ್ವಲ್ಪ ಒರಟಾಗಿರುವುದು, ಅಂಚಿನಲ್ಲಿ ತುಸು ಸೋರುವುದು, ತಣ್ಣನೆಯದಕ್ಕೆ ಹಲ್ಲು ಜುಮ್ಮೆನ್ನುವುದು ದೋಷವಲ್ಲ. ಅದೇ ಲಕ್ಷಣ ಕಾಯಂ ಕ್ರೌನಿನಲ್ಲಿ ಕಡಿಮೆಯಾಗದೆ ವಾರಗಟ್ಟಲೆ ಉಳಿದರೆ ದೋಷ.

ಕಾಯಂ ಕ್ರೌನ್ ಕೂರಿಸಿದ ದಿನ ಸಿಮೆಂಟಿನ ಬಗೆ ಕೇಳಿಟ್ಟುಕೊಳ್ಳಿ. ಗ್ಲಾಸ್ ಅಯಾನೋಮರ್ ಬಗೆಯದು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾದಂತೆ ಕಂಡರೂ ಪೂರ್ತಿ ಬಲ ಬರಲು ಸುಮಾರು 24 ಗಂಟೆ ಬೇಕು. ರೆಸಿನ್ ಸಿಮೆಂಟ್ ಬೆಳಕು ಹಾಯಿಸಿದ ಕೂಡಲೇ ಬಹುಪಾಲು ಗಟ್ಟಿಯಾಗುತ್ತದೆ. ಬಗೆ ಗೊತ್ತಿಲ್ಲದಿದ್ದರೆ ಮೊದಲ 24 ಗಂಟೆ ಆ ಬದಿಯಲ್ಲಿ ಅಗಿಯಬೇಡಿ, ಅಂಟುವ ತಿನಿಸು ಬೇಡ. ಮರಗಟ್ಟುವ ಚುಚ್ಚುಮದ್ದಿನ ಪ್ರಭಾವ 2ರಿಂದ 4 ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ಏನನ್ನಾದರೂ ಅಗಿದರೆ ಕೆನ್ನೆ, ನಾಲಿಗೆ ಕಚ್ಚಿ ಗಾಯವಾದರೂ ಗೊತ್ತಾಗುವುದಿಲ್ಲ. ಮರುದಿನ ಕೆನ್ನೆಯ ಒಳಗೆ ಕಾಣುವ ಬಿಳಿ ಹುಣ್ಣು ಹೆಚ್ಚಾಗಿ ಇದರದ್ದೇ, ಕ್ರೌನಿನದಲ್ಲ.

ಕಚ್ಚಿದಾಗ ನೋವು

ಹೊಸ ಕ್ರೌನಿನ ದೂರುಗಳಲ್ಲಿ ತುಂಬ ಸಾಮಾನ್ಯವಾದದ್ದು ಇದು. ಬಹಳ ಸಲ ಕಾರಣ ಸರಳ: ಕ್ರೌನ್ ಕೂದಲೆಳೆಯಷ್ಟು ಎತ್ತರವಾಗಿದೆ. ಬೇರು ದವಡೆಯ ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ನಡುವೆ ಸುಮಾರು 0.2 ಮಿ.ಮೀ. ದಪ್ಪದ ತಂತು ಪದರವಿದೆ. ಎರಡು ಹಲ್ಲುಗಳ ನಡುವೆ ಸಿಕ್ಕ 0.02 ಮಿ.ಮೀ. ದಪ್ಪದ ವಸ್ತುವೂ ನಮಗೆ ತಿಳಿಯುತ್ತದೆ ಎಂದರೆ ಕಚ್ಚಿನ ಅರಿವು ಎಷ್ಟು ಸೂಕ್ಷ್ಮ ಎಂದು ಊಹಿಸಬಹುದು. ಎತ್ತರವಾದ ಕ್ರೌನ್ ಎದ್ದು ನಿಂತ ಮೊಳೆಯಂತೆ ಪ್ರತಿ ಕಚ್ಚಿಗೂ ತಾನೇ ಮೊದಲು ಬಡಿಸಿಕೊಳ್ಳುತ್ತದೆ. ಕೆಲವೇ ದಿನಗಳಲ್ಲಿ ಆ ಪದರ ಉರಿಯೂತಗೊಂಡು ಹಲ್ಲು ಮುಟ್ಟಿದರೂ ನೋಯುವಂತಾಗುತ್ತದೆ.

ಕೂರಿಸುವಾಗಲೇ ವೈದ್ಯರು ಬಣ್ಣದ ಕಾಗದ ಕಚ್ಚಿಸಿ ನೋಡಿರುತ್ತಾರಲ್ಲ, ಮತ್ತೇಕೆ ಎತ್ತರ ಉಳಿಯಿತು? ಆಗ ದವಡೆ ಮರಗಟ್ಟಿರುತ್ತದೆ, ಬಹಳ ಹೊತ್ತು ಬಾಯಿ ತೆರೆದು ಸ್ನಾಯುಗಳು ದಣಿದಿರುತ್ತವೆ, ಕುರ್ಚಿಯಲ್ಲಿ ಮಲಗಿದ ಭಂಗಿಯಲ್ಲಿ ಕಚ್ಚು ತುಸು ಹಿಂದಕ್ಕೆ ಸರಿಯುತ್ತದೆ. ‘ಸರಿಯಾಗಿದೆ’ ಎಂದು ಆಗ ಹೇಳಿದ್ದು ಮರುದಿನ ಸುಳ್ಳಾಗುವುದರಲ್ಲಿ ಯಾರ ತಪ್ಪೂ ಇಲ್ಲ.

ಮನೆಯಲ್ಲಿ ಹೀಗೆ ಪರೀಕ್ಷಿಸಿ. ಮರಗಟ್ಟಿದ್ದು ಪೂರ್ತಿ ಹೋದ ಮೇಲೆ ನೇರವಾಗಿ ಕುಳಿತು, ಒಮ್ಮೆ ಎಂಜಲು ನುಂಗಿ, ದವಡೆ ಸಡಿಲಿಸಿ, ಹಿಂದಿನ ಹಲ್ಲುಗಳನ್ನು ತೀರ ನಿಧಾನವಾಗಿ ಮುಚ್ಚಿ. ಎರಡೂ ಬದಿ ಒಟ್ಟಿಗೆ ತಾಗಬೇಕು. ಕ್ರೌನ್ ಮೊದಲು ತಾಗಿ ಆಮೇಲೆ ಉಳಿದವು ಸೇರಿದರೆ ಎತ್ತರವಿದೆ. ಬಳಿಕ ಹಲ್ಲುಗಳನ್ನು ತಾಗಿಸಿಕೊಂಡೇ ದವಡೆಯನ್ನು ಎಡಕ್ಕೆ, ಬಲಕ್ಕೆ ಜಾರಿಸಿ. ನೇರವಾಗಿ ಕಚ್ಚಿದಾಗ ಸರಿಯಿದ್ದು ಪಕ್ಕಕ್ಕೆ ಜಾರಿಸಿದಾಗ ಮಾತ್ರ ಕ್ರೌನ್ ತಡೆಯುವುದುಂಟು. ಕುರ್ಚಿಯಲ್ಲಿ ಕಣ್ತಪ್ಪುವುದು ಹೆಚ್ಚಾಗಿ ಇದೇ. ಇನ್ನೊಂದು ಒರಟು ಸುಳಿವು: ತೆಳು ಕಾಗದದ ಪಟ್ಟಿಯನ್ನು ಕ್ರೌನಿನ ಮೇಲಿಟ್ಟು ಕಚ್ಚಿ ಎಳೆಯಿರಿ, ಆಮೇಲೆ ಪಕ್ಕದ ಹಲ್ಲಿನ ಮೇಲಿಟ್ಟು ಎಳೆಯಿರಿ. ಕ್ರೌನಿನಲ್ಲಿ ಬಿಗಿಯಾಗಿ ಸಿಕ್ಕಿ ಪಕ್ಕದಲ್ಲಿ ಸಲೀಸಾಗಿ ಜಾರಿ ಬಂದರೆ ಅನುಮಾನ ಗಟ್ಟಿಯಾಯಿತು.

‘ಕೆಲ ದಿನದಲ್ಲಿ ಹೊಂದಿಕೊಳ್ಳುತ್ತದೆ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಎರಡು ಮೂರು ದಿನ ನೋಡಿ, ಕ್ರೌನೇ ಮೊದಲು ತಾಗುತ್ತಿದ್ದರೆ ಕರೆ ಮಾಡಿ. ತಡಮಾಡಿದಷ್ಟೂ ಎದುರು ಹಲ್ಲು, ದವಡೆಯ ಸ್ನಾಯು, ಕೊನೆಗೆ ಜೀವಂತ ನರವೂ ಕೆರಳುತ್ತವೆ. ವೈದ್ಯರು ಗುರುತು ಬಿದ್ದ ಜಾಗವನ್ನು ಉಜ್ಜಿ ತಗ್ಗಿಸಿ, ಮತ್ತೆ ನುಣುಪು ಮಾಡುತ್ತಾರೆ. ನುಣುಪು ಮಾಡುವ ಹಂತವನ್ನು ಬಿಡುವಂತಿಲ್ಲ. ಒರಟಾಗಿ ಬಿಟ್ಟ ಜಿರ್ಕೋನಿಯಾ (ಗಟ್ಟಿಯಾದ ಬಿಳಿ ಸೆರಾಮಿಕ್) ಅಥವಾ ಪಿಂಗಾಣಿ ಎದುರು ಹಲ್ಲನ್ನು ತೇಯುತ್ತದೆ. ನಾಲಿಗೆಗೆ ಒರಟು ತಾಗಿದರೆ ಅಲ್ಲೇ ಹೇಳಿ. ಎತ್ತರ ತಗ್ಗಿಸಿದ ಮೇಲೂ ತಂತು ಪದರ ಸುಧಾರಿಸಿಕೊಳ್ಳಲು ಒಂದರಿಂದ ಎರಡು ವಾರ ಹಿಡಿಯಬಹುದು. ಇಳಿಮುಖವಾಗಿದ್ದರೆ ಚಿಂತೆಯಿಲ್ಲ. ಮನೆಯಲ್ಲಿ ಉಗುರಿನ ಅರದಿಂದ ಉಜ್ಜುವ ಪ್ರಯತ್ನ ಮಾತ್ರ ಖಂಡಿತ ಬೇಡ.

ಕಚ್ಚು ಸರಿಯಿದ್ದೂ ನೋಯುತ್ತಿದ್ದರೆ ನೋವು ಯಾವ ಕ್ಷಣದಲ್ಲಿ ಬರುತ್ತದೆ ನೋಡಿ. ಕಚ್ಚಿದಾಗಲ್ಲ, ಕಚ್ಚು *ಬಿಟ್ಟಾಗ* ಚುಳ್ಳೆಂದರೆ ಹಲ್ಲಿನಲ್ಲಿ ಬಿರುಕಿರುವ ಅನುಮಾನ. ಬಿರುಕಿನ ಎರಡು ಭಾಗಗಳು ಒತ್ತಡದಲ್ಲಿ ಅಗಲಿ, ಒತ್ತಡ ಹೋದಾಗ ಫಕ್ಕನೆ ಕೂಡುವುದರಿಂದ ಹೀಗಾಗುತ್ತದೆ. ಬಿರುಕು ಬಿಟ್ಟ ಹಲ್ಲನ್ನು ಹಿಡಿದಿಡಲೆಂದೇ ಕ್ರೌನ್ ಹಾಕುವುದುಂಟು. ಬಿರುಕು ಮೊದಲೇ ನರದವರೆಗೆ ಇಳಿದಿದ್ದರೆ ಕ್ರೌನ್ ಒಂದೇ ಸಾಲದು, ರೂಟ್ ಕೆನಾಲ್ ಬೇಕಾಗುತ್ತದೆ. ಬೇರಿನ ಉದ್ದಕ್ಕೂ ಸೀಳಿದ್ದರೆ ಹಲ್ಲು ಉಳಿಯುವುದು ಕಷ್ಟ. ಉಗುರಿನಿಂದ ಮೇಲಿನಿಂದ ಮೆಲ್ಲಗೆ ತಟ್ಟಿದರೂ ಪಕ್ಕದ ಹಲ್ಲಿಗಿಂತ ಸ್ಪಷ್ಟವಾಗಿ ಹೆಚ್ಚು ನೋಯುತ್ತಿದ್ದು, ಅದು ದಿನೇ ದಿನೇ ಏರುತ್ತಿದ್ದರೆ ಬೇರಿನ ತುದಿಯ ಸೋಂಕನ್ನು ಎಕ್ಸ್‌ರೇಯಲ್ಲಿ ನೋಡಬೇಕು.

ತಣ್ಣನೆಯದಕ್ಕೆ, ಬಿಸಿಗೆ ನೋವು

ಕ್ರೌನಿಗೆ ಜಾಗ ಮಾಡಲು ಹಲ್ಲಿನ ಮೇಲ್ಭಾಗದಿಂದ 1.5ರಿಂದ 2 ಮಿ.ಮೀ.ವರೆಗೆ ತೆಗೆಯುತ್ತಾರೆ. ರಕ್ಷಣೆಯಾಗಿದ್ದ ಎನಾಮೆಲ್ ಹೋಗಿ, ನರಕ್ಕೆ ದಾರಿಯಾದ ಸೂಕ್ಷ್ಮ ಕೊಳವೆಗಳಿರುವ ಡೆಂಟಿನ್ ಬಯಲಾಗುತ್ತದೆ. ಕೊರೆಯುವಾಗಿನ ಶಾಖ, ಕಂಪನ ನರವನ್ನು ಇನ್ನಷ್ಟು ಕೆರಳಿಸುತ್ತವೆ. ಹೀಗಾಗಿ ಜೀವಂತ ಹಲ್ಲು ಕೆಲ ವಾರ ತಣ್ಣನೆಯದಕ್ಕೆ ಜುಮ್ಮೆನ್ನುವುದು ನಿರೀಕ್ಷಿತ. ಲೋಹದ ಕ್ರೌನ್ ತಂಪನ್ನು ಬೇಗ ದಾಟಿಸುವುದರಿಂದ ಅದರಲ್ಲಿ ಇದು ಹೆಚ್ಚು.

ಗಡಿಯಾರ ನೋಡಿ ತೀರ್ಮಾನಿಸಿ. ತಣ್ಣನೆಯದು ಹೋದ ಕೆಲವೇ ಸೆಕೆಂಡುಗಳಲ್ಲಿ ನೋವು ಇಳಿದರೆ, ವಾರದಿಂದ ವಾರಕ್ಕೆ ಕಡಿಮೆಯಾಗುತ್ತಿದ್ದರೆ, ನರ ಚೇತರಿಸಿಕೊಳ್ಳುತ್ತಿದೆ. ನೋವು ಅರ್ಧ ನಿಮಿಷಕ್ಕಿಂತ ಹೆಚ್ಚು ಎಳೆದರೆ, ಬಿಸಿಗೆ ಜಾಸ್ತಿಯಾಗಿ ತಣ್ಣೀರಿಗೆ ಶಮನವಾದರೆ, ಏನೂ ತಾಗದೆ ತಾನಾಗಿಯೇ ಬಂದರೆ ಅಥವಾ ನಿದ್ದೆಯಿಂದ ಎಬ್ಬಿಸಿದರೆ ನರ ಮರಳಿ ಬರದ ಸ್ಥಿತಿಗೆ ಹೋಗುತ್ತಿದೆ. ಆಗ ಕಾಯುವುದರಿಂದ ಗಳಿಸುವುದೇನೂ ಇಲ್ಲ. ಕ್ರೌನ್ ತೆಗೆಯದೆ, ಅದರ ನೆತ್ತಿಯಲ್ಲಿ ಸಣ್ಣ ರಂಧ್ರ ಕೊರೆದೇ ರೂಟ್ ಕೆನಾಲ್ ಮಾಡಿ ಆ ರಂಧ್ರವನ್ನು ಮುಚ್ಚುವುದು ಬಹಳ ಸಲ ಸಾಧ್ಯ. ಕ್ರೌನ್ ಹಾಳಾಗುತ್ತದೆಂಬ ಹೆದರಿಕೆಯಿಂದ ನೋವು ನುಂಗಿಕೊಂಡು ಕೂರಬೇಡಿ.

ಇದ್ದಕ್ಕಿದ್ದಂತೆ ಜೋರು ನೋವು ಪೂರ್ತಿ ನಿಂತುಹೋಯಿತೆಂದರೆ ವಾಸಿಯಾಯಿತೆಂದು ನಂಬುವ ಮುನ್ನ ಒಮ್ಮೆ ತೋರಿಸಿ. ನರ ಸತ್ತಾಗಲೂ ನೋವು ನಿಲ್ಲುತ್ತದೆ. ಸೋಂಕು ಆಮೇಲೆ ಸದ್ದಿಲ್ಲದೆ ಬೇರಿನ ತುದಿಗೆ ಇಳಿಯುತ್ತದೆ.

ರೂಟ್ ಕೆನಾಲ್ ಆದ ಹಲ್ಲೇ ತಣ್ಣನೆಯದಕ್ಕೆ ಜುಮ್ಮೆನ್ನುತ್ತಿದೆ ಎನಿಸಿದರೆ ಮೊದಲು ಅನುಮಾನಿಸಬೇಕಾದ್ದು ಪಕ್ಕದ ಹಲ್ಲನ್ನು. ಹತ್ತಿಕಡ್ಡಿಯ ತುದಿ ಒದ್ದೆ ಮಾಡಿ ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಮುಂದಿನ ಹಲ್ಲು, ಹಿಂದಿನ ಹಲ್ಲು, ಎದುರಿನ ಹಲ್ಲು ಹೀಗೆ ಒಂದೊಂದರ ವಸಡಿನ ಅಂಚಿಗೂ ಎರಡು ಸೆಕೆಂಡು ತಾಗಿಸಿ ನೋಡಿ. ಅಪರಾಧಿ ಬಹುತೇಕ ಸಿಕ್ಕಿಬೀಳುತ್ತದೆ. ಅಕ್ಕಪಕ್ಕ ಎಲ್ಲವೂ ಸರಿಯಿದ್ದು ಆ ಹಲ್ಲೇ ಸ್ಪಂದಿಸಿದರೆ ಸ್ವಚ್ಛಗೊಳಿಸದೆ ಉಳಿದ ಕಾಲುವೆ ಇರಬಹುದು. ಮೇಲಿನ ಮೊದಲ ದೊಡ್ಡ ದವಡೆ ಹಲ್ಲಿನಲ್ಲಿ ನಾಲ್ಕನೆಯ ಕಾಲುವೆ ಇರುವುದು ಸಾಮಾನ್ಯ, ತೀರ ಕಿರಿದಾದ್ದರಿಂದ ಕಣ್ಣಿಗೆ ಬೀಳದೆ ಹೋಗುವುದೂ ಸಾಮಾನ್ಯ.

ಎದುರು ಹಲ್ಲಿನಲ್ಲಿ ಬೆಳ್ಳಿ ಬಣ್ಣದ ಅಮಾಲ್ಗಮ್ ತುಂಬಿಸಿದ್ದು, ಹೊಸ ಕ್ರೌನ್ ಬೇರೆ ಲೋಹದ್ದಾಗಿದ್ದರೆ, ಎರಡೂ ತಾಗಿದ ಕ್ಷಣ ಸಣ್ಣ ವಿದ್ಯುತ್ ಹೊಡೆತದಂಥ ಜುಮ್ಮು ಬರಬಹುದು. ಎಂಜಲಿನ ಮೂಲಕ ಎರಡು ಲೋಹಗಳ ನಡುವೆ ಹರಿಯುವ ಪ್ರವಾಹ ಅದು. ಸಾಮಾನ್ಯವಾಗಿ ಕೆಲ ದಿನ, ವಾರಗಳಲ್ಲಿ ಕುಂದುತ್ತದೆ.

ನೋವಿನ ಮಾತ್ರೆಯ ಬಗ್ಗೆ ಇಷ್ಟು. ವಯಸ್ಕರಿಗೆ ಪ್ಯಾರಾಸಿಟಮಾಲ್ ಒಂದು ಸಲಕ್ಕೆ 500ರಿಂದ 1000 ಮಿ.ಗ್ರಾಂ., 24 ಗಂಟೆಯಲ್ಲಿ 4000 ಮಿ.ಗ್ರಾಂ. ಮೀರುವಂತಿಲ್ಲ. ಯಕೃತ್ತಿನ ತೊಂದರೆ ಇದ್ದವರು, ಮದ್ಯ ಸೇವಿಸುವವರು, ಮೈತೂಕ ತೀರ ಕಡಿಮೆ ಇರುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಐಬುಪ್ರೊಫೇನ್ ಉರಿಯೂತಕ್ಕೆ ಒಳ್ಳೆಯದಾದರೂ ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ ಇದ್ದವರು, ಗರ್ಭಿಣಿಯರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ತಾವಾಗಿ ತೆಗೆದುಕೊಳ್ಳಬಾರದು. ಆಸ್ಪಿರಿನ್ ಮಾತ್ರೆಯನ್ನು ವಸಡಿಗೆ ಒತ್ತಿಡುವ ಅಭ್ಯಾಸವಂತೂ ಬೇಡವೇ ಬೇಡ, ಅದು ವಸಡನ್ನು ಸುಡುತ್ತದೆ. ಮೂರು ದಿನ ದಾಟಿದರೂ ಮಾತ್ರೆಯಿಲ್ಲದೆ ಆಗುತ್ತಿಲ್ಲ ಎಂದರೆ ಬೇಕಾಗಿರುವುದು ಮತ್ತಷ್ಟು ಮಾತ್ರೆಯಲ್ಲ, ತಪಾಸಣೆ.

ವಸಡು: ರಕ್ತ, ಊತ, ವಾಸನೆ

ಅಳತೆ ತೆಗೆಯುವಾಗ ವಸಡನ್ನು ಸರಿಸಲು ದಾರ ತುರುಕಿರುತ್ತಾರೆ, ಕೂರಿಸುವಾಗ ಸಿಮೆಂಟ್ ಕೆರೆದಿರುತ್ತಾರೆ. ಇದರಿಂದಾದ ನೋವು ಎರಡರಿಂದ ಐದು ದಿನಗಳಲ್ಲಿ ಮಾಯಬೇಕು. 250 ಮಿ.ಲೀ. ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಬೆರೆಸಿ, ಅರ್ಧ ನಿಮಿಷದಂತೆ ದಿನಕ್ಕೆ ಮೂರು ನಾಲ್ಕು ಸಲ ಮುಕ್ಕಳಿಸಿದರೆ ಹಿತ. ನೋವೆಂದು ಆ ಜಾಗ ಉಜ್ಜದೆ ಬಿಟ್ಟರೆ ಪಾಚಿ ಕಟ್ಟಿ ಅದೇ ಊತಕ್ಕೆ ಕಾರಣವಾಗುತ್ತದೆ.

ಎರಡು ವಾರದ ನಂತರವೂ ರಕ್ತ ಬರುತ್ತಿದ್ದರೆ ಎಲ್ಲಿಂದ ಬರುತ್ತಿದೆ ನೋಡಿ. ಒಂದೇ ಬಿಂದುವಿನಲ್ಲಿ, ಅದರಲ್ಲೂ ಎರಡು ಹಲ್ಲುಗಳ ಸಂದಿನಲ್ಲಿ ಆದರೆ, ವಸಡಿನಡಿ ಉಳಿದ ಸಿಮೆಂಟ್ ಚೂರು ಮೊದಲ ಅನುಮಾನ. ಕ್ರೌನಿನ ಸುತ್ತಲೂ ಕೆಂಪಾಗಿ ಉಬ್ಬಿದ್ದರೆ, ಸ್ವಚ್ಛತೆ ಸರಿಯಿದ್ದೂ ಇಳಿಯದಿದ್ದರೆ, ಅಂಚು ವಸಡಿನಡಿ ತೀರ ಆಳಕ್ಕೆ ಹೋಗಿರಬಹುದು. ಅಂಚಿಗೂ ದವಡೆ ಮೂಳೆಗೂ ನಡುವೆ ಸುಮಾರು 2 ಮಿ.ಮೀ. ಅಂತರವಿಲ್ಲದಿದ್ದರೆ ಎಷ್ಟು ಉಜ್ಜಿದರೂ ಉರಿಯೂತ ಹೋಗುವುದಿಲ್ಲ. ನಿಕ್ಕಲ್ ಇರುವ ಲೋಹದ ಕ್ರೌನ್ ಆಗಿದ್ದು, ಅಗ್ಗದ ಲೋಹದ ಒಡವೆ ತೊಟ್ಟರೆ ನಿಮಗೆ ತುರಿಕೆ ಏಳುವ ಸ್ವಭಾವವಿದ್ದರೆ ಅಲರ್ಜಿಯನ್ನೂ ಹೇಳಬೇಕು.

ವಸಡಿನ ಮೇಲೆ ಮೊಡವೆಯಂಥ ಗುಳ್ಳೆ ಎದ್ದು, ಒಡೆದು, ಮತ್ತೆ ಏಳುತ್ತಿದ್ದರೆ ಅದು ಬೇರಿನ ಕೀವು ಹೊರಬರುವ ಬಾಗಿಲು. ನೋವಿಲ್ಲದಿದ್ದರೂ ಚಿಕಿತ್ಸೆ ಬೇಕು. ಆಂಟಿಬಯಾಟಿಕ್ ನುಂಗಿದರೆ ಗುಳ್ಳೆ ಕೆಲ ದಿನ ಅಡಗುತ್ತದೆ, ಮೂಲ ಹಾಗೆಯೇ ಇರುತ್ತದೆ.

ಫ್ಲಾಸ್ ಹೇಳುವ ಸುದ್ದಿ

ಮನೆಯಲ್ಲಿರುವ ಪರೀಕ್ಷಾ ಸಾಧನಗಳಲ್ಲಿ, ಹಲ್ಲಿನ ಸಂದು ಸ್ವಚ್ಛ ಮಾಡುವ ಫ್ಲಾಸ್ ದಾರವೇ ಶ್ರೇಷ್ಠ. ಸರಿಯಾದ ಕ್ರೌನಿನ ಸಂದಿನಲ್ಲಿ ಅದು ಸ್ವಲ್ಪ ತಡೆದು ‘ಟಕ್’ ಎಂದು ಇಳಿಯುತ್ತದೆ. ತಡೆಯೇ ಇಲ್ಲದೆ ಸುಮ್ಮನೆ ಇಳಿದರೆ ಸಂದು ಬಿಟ್ಟಿದೆ. ಪ್ರತಿ ಊಟದಲ್ಲೂ ಅಲ್ಲೇ ಆಹಾರ ತುರುಕಿಕೊಳ್ಳುತ್ತದೆ, ವಸಡು ಕೆಳಗಿಳಿಯುತ್ತದೆ, ಪಕ್ಕದ ಹಲ್ಲು ಹುಳುಕಾಗುತ್ತದೆ. ಇದು ಕಾಲಕ್ರಮದಲ್ಲಿ ಸರಿಹೋಗುವ ತೊಂದರೆಯಲ್ಲ. ಒಂದೋ ಕ್ರೌನನ್ನು ಮತ್ತೆ ಮಾಡಬೇಕು, ಇಲ್ಲವೇ ಪಕ್ಕದ ಹಲ್ಲಿನಲ್ಲಿ ಫಿಲ್ಲಿಂಗ್ ಇದ್ದರೆ ಅದನ್ನು ಬದಲಿಸಿ ಸಂದು ಮುಚ್ಚಬೇಕು. ಆದ್ದರಿಂದ ಸಿಮೆಂಟ್ ಹಾಕುವ ಮುನ್ನವೇ ಸಂದನ್ನು ಫ್ಲಾಸಿನಿಂದ ಪರೀಕ್ಷಿಸಿ ಎಂದು ಕೇಳಿಕೊಳ್ಳುವುದು ಜಾಣತನ.

ದಾರ ಇಳಿಯುವಾಗ ಎಳೆ ಎಳೆಯಾಗಿ ಹರಿದರೆ ಅಂಚು ಚಾಚಿಕೊಂಡಿದೆ ಅಥವಾ ಸಿಮೆಂಟ್ ಉಳಿದಿದೆ. ದಾರ ಇಳಿಯುವುದೇ ಇಲ್ಲವೆಂದರೆ ಸಂದು ಅತಿ ಬಿಗಿ. ಮೊದಲ ಒಂದೆರಡು ದಿನ ಹಲ್ಲು ಒತ್ತಿದಂತೆನಿಸುವುದು ಸಹಜ, ಆದರೆ ಸ್ವಚ್ಛ ಮಾಡಲು ಆಗದಷ್ಟು ಬಿಗಿ ಇರಬಾರದು, ಅದನ್ನು ತುಸು ಉಜ್ಜಿ ಸರಿಪಡಿಸಬಹುದು. ತಾತ್ಕಾಲಿಕ ಕ್ರೌನ್ ಇದ್ದಾಗ ದಾರವನ್ನು ಇಳಿಸಿದ ಮೇಲೆ ಮೇಲಕ್ಕೆ ಎಳೆಯಬೇಡಿ. ಒಂದು ತುದಿ ಬಿಟ್ಟು ಪಕ್ಕದಿಂದ ಜಾರಿಸಿ ತೆಗೆಯಿರಿ. ಮೇಲಕ್ಕೆ ಎಳೆದರೆ ದಾರದ ಜೊತೆ ಕ್ರೌನೂ ಬಂದೀತು.

ಕ್ರೌನ್ ಹುಳುಕಾಗುವುದಿಲ್ಲ ನಿಜ, ಅದರ ಅಂಚಿನಡಿಯ ಹಲ್ಲು ಆಗುತ್ತದೆ. ಮೃದು ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿಟ್ಟು, 1000ರಿಂದ 1500 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟಿನಿಂದ ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ಉಜ್ಜಬೇಕು.

ಅಲುಗಾಟ, ಕಳಚಿ ಬೀಳುವುದು

ಕಳಚುವ ಮುನ್ನ ಕ್ರೌನ್ ಸೂಚನೆ ಕೊಡುತ್ತದೆ: ಅಗಿಯುವಾಗ ಸಣ್ಣ ‘ಕ್ಲಿಕ್’, ಕಚ್ಚಿದಾಗ ಅಂಚಿನಿಂದ ಎಂಜಲು ಒಸರಿದಂತೆ, ಕೆಟ್ಟ ರುಚಿ, ಉಜ್ಜಿದರೂ ಹೋಗದ ವಾಸನೆ. ಒಳಗೆ ಎಂಜಲು ಹೋಗಿ ಬರುತ್ತಿದೆ ಎಂದರ್ಥ.

ಬಿದ್ದೇ ಹೋದರೆ ಎಸೆಯಬೇಡಿ, ಒಳಭಾಗ ನೋಡಿ. ಟೊಳ್ಳಾಗಿದ್ದು ಗೋಡೆಗೆ ಸಿಮೆಂಟ್ ಪದರ ಮಾತ್ರ ಅಂಟಿದ್ದರೆ ಬಾಯಲ್ಲಿ ಹಲ್ಲಿನ ಮೋಟು ಉಳಿದಿದೆ. ಹುಳುಕಿಲ್ಲದಿದ್ದರೆ ಅದನ್ನೇ ಮತ್ತೆ ಕೂರಿಸಬಹುದು. ಕ್ರೌನಿನೊಳಗೆ ಹಲ್ಲಿನ ತುಂಡೋ ಫಿಲ್ಲಿಂಗೋ ಲೋಹದ ಕಡ್ಡಿಯೋ ತುಂಬಿಕೊಂಡಿದ್ದರೆ ಹಲ್ಲೇ ಮುರಿದಿದೆ, ಬರೀ ಸಿಮೆಂಟಿನಿಂದ ನಿಲ್ಲುವುದಿಲ್ಲ. ಮೋಟು 3–4 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ, ಮೇಲಕ್ಕೆ ಹೋದಂತೆ ತೀರ ಮೊನಚಾಗಿದ್ದರೆ, ಕೂರಿಸುವಾಗ ಎಂಜಲು ತಾಗಿದ್ದರೆ ಕ್ರೌನ್ ಪದೇ ಪದೇ ಬೀಳುತ್ತದೆ. ಎರಡನೆಯ ಸಲ ಬಿದ್ದ ಕ್ರೌನನ್ನು ಕಾರಣ ಹುಡುಕದೆ ಮೂರನೆಯ ಸಲ ಅಂಟಿಸಲು ಬಿಡಬೇಡಿ.

ವೈದ್ಯರು ಸಿಗುವವರೆಗೆ ಮಾಡಬಹುದಾದ್ದು ಹೀಗೆ:

1. ತೊಟ್ಟಿಯ ತೂತು ಮುಚ್ಚಿ, ಕ್ರೌನನ್ನು ನೀರಿನಲ್ಲಿ ತೊಳೆದು, ಸಡಿಲ ಸಿಮೆಂಟನ್ನು ಮೃದು ಬ್ರಷ್ಷಿನಿಂದ ತೆಗೆಯಿರಿ. ಮೋಟನ್ನೂ ಮೆಲ್ಲಗೆ ಉಜ್ಜಿ.
2. ಏನೂ ಹಚ್ಚದೆ ಒಮ್ಮೆ ಕೂರಿಸಿ ನೋಡಿ. ಕಚ್ಚು ಮೊದಲಿಗಿಂತ ಎತ್ತರವೆನಿಸಿದರೆ ಅದು ಪೂರ್ತಿ ಕುಳಿತಿಲ್ಲ. ಬಲವಂತ ಬೇಡ.
3. ಸರಿಯಾಗಿ ಕುಳಿತರೆ, ಔಷಧ ಅಂಗಡಿಯಲ್ಲಿ ಸಿಗುವ ತಾತ್ಕಾಲಿಕ ಹಲ್ಲಿನ ಸಿಮೆಂಟನ್ನು ಒಳಗೋಡೆಗೆ ತೆಳುವಾಗಿ ಹಚ್ಚಿ ಕೂರಿಸಿ, ಒದ್ದೆ ಹತ್ತಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟು ಹೊತ್ತು ಕಚ್ಚಿ ಹಿಡಿಯಿರಿ. ಹೊರಬಂದದ್ದನ್ನು ಒರೆಸಿ.
4. ಸಡಿಲವಾಗಿದ್ದರೆ ತೆಗೆದು ಸಣ್ಣ ಡಬ್ಬಿಯಲ್ಲಿಡಿ. ಸಡಿಲ ಕ್ರೌನ್ ಇಟ್ಟುಕೊಂಡು ಮಲಗಬಾರದು, ಶ್ವಾಸನಾಳಕ್ಕೆ ಜಾರುವ ಅಪಾಯವಿದೆ.

ಸೂಪರ್ ಗ್ಲೂ ಬೇಡ. ಅದು ಗಟ್ಟಿಯಾಗುವಾಗ ಶಾಖ ಹೊರಡಿಸುತ್ತದೆ, ವಸಡನ್ನು ಕೆರಳಿಸುತ್ತದೆ, ಕ್ರೌನನ್ನು ಓರೆಯಾಗಿ ಹಿಡಿದುಬಿಡುತ್ತದೆ. ಆಮೇಲೆ ಮತ್ತೆ ಕೂರಿಸಬಹುದಾಗಿದ್ದ ಕ್ರೌನನ್ನು ಕತ್ತರಿಸಿ ತೆಗೆಯಬೇಕಾಗಬಹುದು. ಹಾಗೆಂದು ವಾರಗಟ್ಟಲೆ ಖಾಲಿ ಬಿಡುವುದೂ ಸಲ್ಲ. ಪಕ್ಕದ ಹಲ್ಲು ವಾಲಿ, ಎದುರಿನದು ಬೆಳೆದು, ವಸಡು ಮೋಟಿನ ಮೇಲೆ ಹಬ್ಬಿ ಕ್ರೌನ್ ಕೂರದಂತಾಗುತ್ತದೆ. ತಾತ್ಕಾಲಿಕ ಕ್ರೌನ್ ಬಿದ್ದಾಗಲೂ ಇದೇ ಅವಸರ ಬೇಕು. ಪ್ರಯೋಗಾಲಯದಲ್ಲಿ ತಯಾರಾಗುತ್ತಿರುವ ಕ್ರೌನ್ ಹಲ್ಲುಗಳು ಇದ್ದಲ್ಲೇ ಇರುತ್ತವೆಂದು ನಂಬಿ ಮಾಡಿದ್ದು.

ಕ್ರೌನ್ ನುಂಗಿಬಿಟ್ಟರೆ ಸಾಮಾನ್ಯವಾಗಿ ಮಲದಲ್ಲಿ ಹೊರಹೋಗುತ್ತದೆ. ನುಂಗಿದ ನಂತರ ನಿಲ್ಲದ ಕೆಮ್ಮು, ಉಸಿರಿನಲ್ಲಿ ಸಿಳ್ಳೆ, ಎದೆನೋವು ಇದ್ದರೆ ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ.

ಚಕ್ಕೆ, ಕಪ್ಪು ಗೆರೆ

ಲೋಹದ ಮೇಲೆ ಪಿಂಗಾಣಿ ಹೊದಿಸಿದ ಕ್ರೌನಿನಲ್ಲಿ ವಸಡಿನ ಬಳಿ ಕಾಣುವ ಬೂದು ಗೆರೆ ಒಳಗಿನ ಲೋಹದ ಅಂಚು. ನೋಟಕ್ಕೆ ಚೆನ್ನಾಗಿಲ್ಲದಿರಬಹುದು, ಹುಳುಕಲ್ಲ. ಗೆರೆಯ ಜಾಗ ಮೆತ್ತಗಿದ್ದು ಅಲ್ಲಿ ದಾರ ಸಿಕ್ಕಿಕೊಂಡರೆ ಮಾತ್ರ ಹುಳುಕಿನ ಅನುಮಾನ. ಲೋಹ, ಜಿರ್ಕೋನಿಯಾ ಎಕ್ಸ್‌ರೇಯನ್ನು ತಡೆಯುವುದರಿಂದ ಕ್ರೌನಿನ ಅಡಿಯಲ್ಲಿ ಏನಿದೆ ಎಂಬುದು ಚಿತ್ರದಲ್ಲಿ ಪೂರ್ತಿ ಕಾಣದು, ಅಂಚನ್ನು ಸಾಧನದಿಂದ ಮುಟ್ಟಿಯೇ ನೋಡಬೇಕು. ಸಣ್ಣ ಚಕ್ಕೆ ಎದ್ದರೆ ನುಣುಪು ಮಾಡಿದರೆ ಸಾಕು. ಕಚ್ಚುವ ಜಾಗದಲ್ಲಿ ಅಥವಾ ಸಂದಿನಲ್ಲಿ ದೊಡ್ಡದು ಹೋದರೆ ಹೊಸದೇ ಬೇಕು. ಕೆಲವೇ ತಿಂಗಳಲ್ಲಿ ಚಕ್ಕೆ ಎದ್ದಿದ್ದರೆ, ಬೆಳಿಗ್ಗೆ ಎದ್ದಾಗ ದವಡೆ ಬಿಗಿಯಾಗಿ ಕಪಾಲ ನೋಯುತ್ತಿದ್ದರೆ, ಬಹುಶಃ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದೀರಿ. ರಾತ್ರಿ ಹಾಕಿಕೊಳ್ಳುವ ಗಾರ್ಡ್ ಇಲ್ಲದೆ ಮುಂದಿನ ಕ್ರೌನೂ ಹೆಚ್ಚು ದಿನ ಬಾಳುವುದಿಲ್ಲ.

ಒಂದು ದಿನವೂ ಕಾಯಬಾರದ ಲಕ್ಷಣಗಳು

ಮುಖ ಅಥವಾ ದವಡೆಯಡಿ ಊತ, ಜ್ವರ, ಬಾಯಿ ತೆರೆಯಲು ಆಗದಿರುವುದು ಇದ್ದರೆ ಅದೇ ದಿನ ದಂತವೈದ್ಯರನ್ನು ಕಾಣಬೇಕು. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ, ಊತ ಕತ್ತಿಗೋ ಕಣ್ಣಿಗೋ ಹಬ್ಬುತ್ತಿದ್ದರೆ ದಂತ ಚಿಕಿತ್ಸಾಲಯವಲ್ಲ, ನೇರ ಆಸ್ಪತ್ರೆಯ ತುರ್ತು ವಿಭಾಗ. ಇಂಥ ಊತಕ್ಕೆ ಹೊರಗಿನಿಂದ ಬಿಸಿ ಶಾಖ ಕೊಡಬೇಡಿ.